ಕೆಂಪು ಕಲ್ಲಿನ ಮೇಲಿನ ಗಂಡು

ಸೇಡಂ ರಸ್ತೆ, ಕಲಬುರಗಿ
೨೧ ಜೂನ್ ೧೯೮೭, ರವಿವಾರ

ಪ್ರೀತಿಯ ಇಂದೂ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತೀಯೋ, ಇಲ್ಲಾ ತುಳಸಿಕಟ್ಟೆಗೆ ನೈವೇದ್ಯ ಮಾಡುತ್ತೀಯೋ? ನಾನು ಕ್ಷೇಮ. ಅಡುಗೆ ನನ್ನದೇ, ಅನ್ನ ಒಂದು ದಿನ ಗಂಜಿ, ಒಂದು ದಿನ ಗುಂಡು. ಕಾಲೇಜಿನಿಂದ ಬಂದವನು ಕೀಲಿ ಕಿಸೆಯಲ್ಲಿಟ್ಟುಕೊಂಡೇ ಕದ ಬಡಿಯುತ್ತೇನೆ.

ರವಿವಾರ ಈ ಮನೆ ನುಂಗಲು ಬರುತ್ತದೆ, ಹಾಗಾಗಿ ಇವತ್ತೂ ಕಮಲಾಪುರಕ್ಕೆ ಓಡಿದ್ದೆ. ಕಂಡಕ್ಟರ್ ಖಮರುದ್ದೀನ್ ಟಿಕೀಟು ಹರಿಯುವ ಮೊದಲೇ ನಗುತ್ತಾನೆ: "ಮಾಸ್ತರ್, ಮನ್ಯಾಗ ಹಲ್ಲಿ ಇಲ್ಲೇನ್ರಿ, ಹಳ್ಳಿಗೆ ಹೊಂಟೀರಿ?" ನನ್ನದು ಹಲ್ಲಿಯಲ್ಲ, ಬಯಲಿನ ಪುಟ್ಟ ಓತಿಕ್ಯಾತ ಎಂದು ಅವನಿಗೆ ಯಾರು ಪಾಠ ಮಾಡಬೇಕು? ಬಾಲ ಸೇರಿ ಗೇಣುದ್ದದ, ಒಣಹುಲ್ಲಿನ ಬಣ್ಣದ ಬಡಪಾಯಿ. ಬೇಸಿಗೆ ಬಂತೆಂದರೆ ಮಾತ್ರ ಗಂಡು ಕೆಂಪು ಕಲ್ಲೇರಿ ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ. ನೀಲಿ, ಕಪ್ಪು, ಕಿತ್ತಳೆ! ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯವನೂ ಅಷ್ಟು ಬೇಗ ಸೀರೆಯ ಸೆರಗು ಬಿಚ್ಚಿ ತೋರಿಸಲಾರ. ಕಲ್ಲು ಕಾದರೆ ಬೆರಳು ಎತ್ತಿ ನಿಲ್ಲುತ್ತದೆ, ಇಳಿಯುವುದಿಲ್ಲ. ಎದುರಾಳಿ ಬಂದರೆ ಹಿಂಗಾಲಲ್ಲೇ ಓಡಿ ಅಟ್ಟುತ್ತದೆ. ಹೆಣ್ಣು ಇರುವೆ ಹೆಕ್ಕುತ್ತಾ ಪಕ್ಕದಲ್ಲೇ ಹಾದುಹೋಗುತ್ತದೆ, ನೋಡಿಯೂ ನೋಡದ ಹಾಗೆ. ಈ ವಿದ್ಯೆ ನಿಮಗೆಲ್ಲ ಯಾರು ಕಲಿಸಿದರೋ!

ಇಂದು ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಒಂದು ಹೆಣ್ಣು ಮೊಟ್ಟೆಯಿಟ್ಟು, ಮಣ್ಣು ಎಳೆದು ಮುಚ್ಚಿ, ಮೂತಿಯಿಂದ ಕುಟ್ಟಿ ಗಟ್ಟಿ ಮಾಡಿ ಹೊರಟುಹೋಯಿತು. ಮರಿ ಹೊರಬಂದಾಗ ತಾಯಿಯೂ ಇರುವುದಿಲ್ಲ, ತಂದೆಯೂ ಇರುವುದಿಲ್ಲ. ಹೆಚ್ಚಿನವಕ್ಕೆ ಆಯುಷ್ಯವೇ ಒಂದು ವರ್ಷ. ಆಡು ಮೇಯಿಸುವ ಬಂಡೆಮ್ಮ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. "ಹೆಣ್ಣು ಇಷ್ಟೆಲ್ಲ ಮಾಡ್ಲಾಕತ್ತದ, ಗಂಡ್ ಏನ್ ಮಾಡ್ತದ್ರಿ?" ಕಲ್ಲಿನ ಮ್ಯಾಲೆ ಕುಂತು ಗಂಟಲ ಉಬ್ಬಿಸ್ತದ ಎಂದೆ. "ಹಂಗಾದ್ರ ನಮ್ಮನ್ಯಾಗೂ ಒಂದದ ರೀ!" ಇಬ್ಬರೂ ನಕ್ಕೆವು. "ಬಾಯೋರು ಎಲ್ಲ್ಯಾರ?" ಎಂದಳು. ಬಾಣಂತನಕ್ಕೆ ತವರಿಗೆ, ಮೀರಜಕ್ಕೆ ಹೋಗಿದ್ದಾರೆ ಎಂದವನಿಗೆ ಆಮೇಲೆ ನಗು ಬರಲಿಲ್ಲ.

ಹೋದ ಸಲವೂ ಕೇಳಿದವರಿಗೆಲ್ಲ ಹೀಗೇ ಹೇಳಿಕೊಂಡು ತಿರುಗುತ್ತಿದ್ದೆ. ಅತ್ತೆಯವರ ತಂತಿ ಕೈಸೇರಿ ನಾನು ಮೀರಜ ಮುಟ್ಟುವಷ್ಟರಲ್ಲಿ ಕೂಸನ್ನು ಮಣ್ಣು ಮಾಡಿ ಆಗಿತ್ತು. ನೀನು ಗೋಡೆ ಕಡೆ ಹೊರಳಿ ಮಲಗಿದ್ದೆ. "ಹೆರಿಗಿ ಮನ್ಯಾಗ ಗಂಡಸರದೇನು ಕೆಲಸ, ಸುದ್ದಿ ಕಳಸ್ತೀವಿ" ಎಂಬುದು ಅತ್ತೆಯವರ ನೇಮ. ಈ ಸಲದ ಪತ್ರದಲ್ಲೂ ಅದನ್ನೇ ಬರೆಸಿದ್ದಾರೆ. ಅದರ ಕೆಳಗೆ ನೀನು ಏನೂ ಸೇರಿಸಿಲ್ಲ.

ಅತ್ತೆ ಮಾವನವರಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಹೊಟ್ಟೆಯೊಳಗಿನವರಿಗೆ ಆಶೀರ್ವಾದ, ಒದೆಯುವುದನ್ನು ತುಸು ಕಡಿಮೆ ಮಾಡಲಿ ಎಂದು ಹೇಳು.

ನಿನ್ನ,
ಮುಕುಂದ

ತಾ.ಕ.: ನಿನ್ನೆ ರಜೆ ಮಂಜೂರಾಯಿತು. ಈ ಪತ್ರದ ಬೆನ್ನಿಗೇ ನಾನೂ ಬರುತ್ತಿದ್ದೇನೆ. ಅತ್ತೆಯವರು ಬೇಡವೆಂದರೆ ಸ್ಟೇಷನ್ ಎದುರಿನ ಧರ್ಮಶಾಲೆಯಲ್ಲಿ ಇಳಿದುಕೊಳ್ಳುತ್ತೇನೆ. ನೋವು ಶುರುವಾದೊಡನೆ ಯಾರನ್ನೂ ಕೇಳಬೇಡ, ನನ್ನನ್ನು ಕರೆಸು. ಕೂಸು ಹೇಗೇ ಬರಲಿ ಇಂದೂ, ಈ ಸಲ ಇಬ್ಬರೂ ಇರೋಣ.