ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಗುರುವಾರ, ಮಧ್ಯಾಹ್ನ
ಹೆಂಗಸರ ವಾರ್ಡಿನ ಹೊರಗಿನ ಬೆಂಚು

ಪ್ರೀತಿಯ ಅಕ್ಕ,

ಕ್ಷೇಮದ ಸಾಲನ್ನು ಕೊನೆಗೆ ಬರೆಯುತ್ತೇನೆ, ಬರೆಯುವಂತಿದ್ದರೆ. ನಾಳೆ ಬೆಳಗ್ಗೆ ನೀನು ಬಂದು ಇಳಿಯುವ ಹೊತ್ತಿಗೆ ನಾನು ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಿರುತ್ತೇನೆ. ಇನ್ನೊಂದು ದಿನ ರಜೆ ಕೇಳಿದರೆ ಮ್ಯಾನೇಜರ್ ಮುಖ ಊದಿಸಿಕೊಳ್ಳುತ್ತಾರೆ. ಇಲ್ಲಿ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪಾಸು. ಅದನ್ನು ಈ ಕಾಗದದ ಜೊತೆ ಗೇಟಿನ ವಾಚ್‌ಮನ್ ಹತ್ತಿರ ಕೊಟ್ಟು ಹೋಗುತ್ತೇನೆ.

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. ಗೆರೆ ದಾಟಿಲ್ಲ, ದಾಟಿಲ್ಲ ಅಂತಾನೇ ಇದ್ದೆಯಲ್ಲ, ಮತ್ತೆ ಹೇಗೆ ಇಷ್ಟಾಯ್ತು ಎಂದು. ಅಮ್ಮ ಪಕ್ಕದಲ್ಲೇ ಇದ್ದಳು. ಊದಿರುವುದು ಅವಳ ಕಾಲು, ಕಿವಿ ಚುರುಕಾಗಿಯೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಬಲಗಾಲಿನ ಕಿರುಬೆರಳ ಸಂದಿಯಲ್ಲಿ. ಹೊಲಿಗೆ ಯಂತ್ರದ ಪೆಡಲ್ ತುಳಿಯುವ ಕಾಲು, ಬೆವರಿ ಬೆವರಿ ಚರ್ಮ ಬೆಳ್ಳಗಾಗಿ ಬಿರಿದಿತ್ತು. ಅವಳು ಅದಕ್ಕೆ ಒಂದಿಷ್ಟು ಪೌಡರ್ ಉದುರಿಸಿಕೊಂಡು ಸುಮ್ಮನಿದ್ದಳು. ಹೋದ ಗುರುವಾರ ಪಾದವೆಲ್ಲ ಕೆಂಪಗೆ ಊದಿ, ಮುಟ್ಟಿದರೆ ಸುಡುತ್ತಿತ್ತು. ನಮ್ಮ ಬೀದಿಯ ಡಾಕ್ಟರು ಬಿರುಕಿನಿಂದ ಸೋಂಕು ಒಳಗೆ ಹೋಗಿದೆ, ಸಕ್ಕರೆ ಕಾಯಿಲೆ ಬೇರೆ ಇದೆ, ಹುಡುಗಾಟ ಬೇಡ ಎಂದರು. ಮಾತ್ರೆ ಬರೆದುಕೊಟ್ಟು, ಕೆಂಪಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಕೆಂಪು ಇದನ್ನು ದಾಟಿದರೆ ಅವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಮಾರನೇ ದಿನ ಸ್ನಾನದಲ್ಲಿ ಗೆರೆ ಅಳಿಸಿಹೋಯಿತು. ಸಂಜೆ ನಾನು ಫೋನ್ ಮಾಡಿ ಕೇಳಿದ್ದಕ್ಕೆ, ಕೆಂಪಿನ ಅಂಚಿಗೆ ಸರಿಯಾಗಿ ನೀವೇ ಇನ್ನೊಂದು ಎಳೆದುಕೊಳ್ಳಿ ಎಂದರು.

ಎಳೆದವಳು ಅಮ್ಮ. ಎಷ್ಟು ಚೆನ್ನಾಗಿ ಎಳೆದಿದ್ದಳೆಂದರೆ, ರವಿಕೆಯ ಕುತ್ತಿಗೆ ಪಟ್ಟಿಗೆ ಗುರುತು ಹಾಕಿದ ಹಾಗಿತ್ತು.

ಆಮೇಲೆ ಆ ಗೆರೆಯೇ ನನ್ನ ಗಡಿಯಾರವಾಯಿತು. ಕೆಲಸಕ್ಕೆ ಹೋಗುವ ಮುಂಚೆ ನೋಡು, ಬಂದು ಚಪ್ಪಲಿ ಬಿಡುತ್ತಲೇ ನೋಡು. ಆರು ಗಂಟೆಗೊಮ್ಮೆ ಮಾತ್ರೆ, ಬೆರಳ ಸಂದಿ ತೊಳೆದು ಒರೆಸಿ ಮುಲಾಮು, ಕಾಲಿನ ಕೆಳಗೆ ಎರಡು ದಿಂಬು. ನಾನು ಆಚೆ ಹೋದೊಡನೆ ಆ ದಿಂಬುಗಳ ಮೇಲೆ ಕತ್ತರಿಸಿದ ರವಿಕೆ ಬಟ್ಟೆಗಳು ಮಲಗುತ್ತಿದ್ದವು, ಅವಳು ಯಂತ್ರದ ಮುಂದೆ ಕೂರುತ್ತಿದ್ದಳು. ಜಗಳ ಆಡಿ ಆಡಿ ನನ್ನ ಗಂಟಲು ಹೋಯಿತು. ಆದರೂ ಕೆಂಪಿಗೂ ಗೆರೆಗೂ ನಡುವೆ ಒಳ್ಳೆಯ ಚರ್ಮ ಕಾಣುತ್ತಿತ್ತು. ಭಾನುವಾರ ನಿನಗೆ ಅದನ್ನೇ ಹೇಳಿದೆ, ನೀನು ಟಿಕೆಟ್ ರದ್ದು ಮಾಡಿದೆ. ಅದು ನಿನ್ನ ತಪ್ಪಲ್ಲ.

ನಿನ್ನೆ ಬೆಳಗ್ಗೆ ಅಮ್ಮ ಗಡಗಡ ನಡುಗುತ್ತಿದ್ದಳು, ಮೈ ಕೆಂಡ. ಕೆಂಪು ಗೆರೆಗೆ ತಾಗಿತ್ತು. ಆಗಲೂ ಅವಳದ್ದು ಒಂದೇ ವಾದ, ತಾಗಿದೆ ಅಷ್ಟೇ, ದಾಟಿಲ್ವಲ್ಲ ಎಂದು. ಎತ್ತಿಕೊಂಡಂತೆಯೇ ಟ್ಯಾಕ್ಸಿಗೆ ಹಾಕಿಕೊಂಡು ಬಂದೆ.

ಇಲ್ಲಿಯ ಡಾಕ್ಟರಮ್ಮ ಗೆರೆ ನೋಡಿ, ಇದು ಇವತ್ತು ಎಳೆದದ್ದಾ ಎಂದು ಕೇಳಿದರು. ಶುಕ್ರವಾರದ್ದು ಎಂದೆ. ಹಾಗಾದರೆ ಐದು ದಿನದಲ್ಲಿ ಒಂಚೂರೂ ಹಬ್ಬಿಲ್ಲವೇ ಎಂದು ಅವರಿಗೆ ಅನುಮಾನ. ಅಮ್ಮ ಆ ಜ್ವರದಲ್ಲೂ ಹೊಸದಾಗಿ ಕೆಲಸ ಕಲಿಯುವವರಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು, ಅಂಚಿಗೇ ಗುರುತು ಹಾಕಿದ್ರೆ ಬಟ್ಟೆ ಬಿಗಿಯಾಗುತ್ತಲ್ಲಮ್ಮ, ಹೊಲಿಗೆಗೆ ಅರ್ಧ ಇಂಚು ಬಿಟ್ಟೇ ಹಾಕಿದೀನಿ ಎಂದು. ನಲವತ್ತು ವರ್ಷದ ಕೈ, ತಾನಾಗಿ ಬಿಟ್ಟಿದೆ. ಆ ಅರ್ಧ ಇಂಚನ್ನು ಸೋಂಕು ದಿನಾ ಒಂದಿಷ್ಟು ತಿಂದುಕೊಂಡು ಬಂದಿದೆ, ನಾವಿಬ್ಬರೂ ದಾಟಿಲ್ಲ ಎಂದು ನೆಮ್ಮದಿಯಾಗಿದ್ದೆವು. ನನಗೆ ನಗು ಬಂದುಬಿಟ್ಟಿತು ಅಕ್ಕ, ನಿಲ್ಲಿಸಲು ಆಗಲಿಲ್ಲ. ನರ್ಸ್ ನನ್ನನ್ನು ಕೂರಿಸಿ ನೀರು ಕೊಟ್ಟರು. ಮಗಳು ಗೆರೆ ಹಾಕೋಕೆ ಬಂದ್ಲು, ನಾನೇ ಬಿಡ್ಲಿಲ್ಲ, ಅವಳ ಕೈ ಡೊಂಕು ಎಂದು ಅಮ್ಮ ಡಾಕ್ಟರಮ್ಮನಿಗೆ ಹೇಳುವುದು ಕೇಳಿಸಿತು.

ಈಗ ಕೈಗೆ ಸೂಜಿ ಚುಚ್ಚಿ ಔಷಧಿ ಹನಿಸುತ್ತಿದ್ದಾರೆ. ಶನಿವಾರ ಬೆಳಗ್ಗೆಯವರೆಗೆ ಕಾಯುತ್ತಾರಂತೆ. ಕೆಂಪು ಇಳಿಯದಿದ್ದರೆ ಕೊಯ್ದು ಒಳಗಿನದನ್ನು ತೆಗೆಯಬೇಕು. ಕಾಲಿನ ಎರಡು ಬೆರಳು ಉಳಿಯುವ ಭರವಸೆ ಕೊಡಲಾರೆ ಎಂದೂ ಅಂದರು. ಅದು ಅಮ್ಮನಿಗೆ ಗೊತ್ತಿಲ್ಲ. ಪಾದದ ಮೇಲೆ ಹೊಸದೊಂದು ಕಪ್ಪು ಗೆರೆ ಇದೆ, ಬೆಳಗ್ಗೆ ಸಂಜೆ ನೀನೇ ನೋಡು, ಅವಳ ಮಾತು ನಂಬಬೇಡ. ಆಸ್ಪತ್ರೆಯ ಅಂಗಿಯ ಕಂಕುಳು ತಪ್ಪಾಗಿ ಕತ್ತರಿಸಿದ್ದಾರೆಂದು ಸೂಜಿ ದಾರ ಕೇಳುತ್ತಾಳೆ, ಕೊಡಬೇಡ.

ನನಗೆ ಸಾಕಾಗಿದೆ. ಸಿಟ್ಟು ಯಾರ ಮೇಲೂ ಇಲ್ಲ, ಅದಕ್ಕೂ ಶಕ್ತಿ ಬೇಕಲ್ಲ. ಅವಳು ಮತ್ತೆ ಆ ಪೆಡಲ್ ತುಳಿದರೆ ಸಾಕು, ಸದ್ದು ಜೋರೆಂದು ಇನ್ನು ಯಾವತ್ತೂ ಗೊಣಗುವುದಿಲ್ಲ. ಕ್ಷೇಮದ ಸಾಲು ಇವತ್ತಿಗೆ ಇಲ್ಲ. ನಾಳೆ ಸಂಜೆ ಕೆಲಸ ಮುಗಿಸಿ ಗೇಟಿನ ಹತ್ತಿರ ಬರುತ್ತೇನೆ, ಕೆಳಗೆ ಇಳಿದು ಬಾ.

ನಿನ್ನ ತಂಗಿ,
ಅಮ್ಮನ ಗುಂಡುಪಿನ್ನು

ಹಿಂಬರಹ: ಮರೆತಿದ್ದೆ ಎಂದು ಬರೆಯಲಾರೆ, ಮರೆತಿರಲಿಲ್ಲ. ನಾನು ಗೆರೆ ಹಾಕಲು ಬಂದೆನೆಂದು ಅಮ್ಮ ಡಾಕ್ಟರಮ್ಮನಿಗೆ ಹೇಳಿದ್ದು ಸುಳ್ಳು. ಶುಕ್ರವಾರ ಅವಳು ಕಾಲನ್ನು ಸ್ಟೂಲಿನ ಮೇಲಿಟ್ಟು ಪೆನ್ನು ಕೊಟ್ಟದ್ದು ನನ್ನ ಕೈಗೇ, ಕನ್ನಡಕ ಹಾಕ್ಕೊಂಡ್ರೂ ಅಂಚು ಕಾಣಲ್ಲ ಕಣೇ, ನೀನೇ ಹಾಕು ಎಂದು. ಆ ಕಾಲನ್ನು ಇನ್ನೊಂದು ಸಲ ಮುಟ್ಟಲು ನನ್ನಿಂದ ಆಗಲಿಲ್ಲ. ಜೀವಮಾನವೆಲ್ಲ ಗೆರೆ ಹಾಕಿದವಳು ನೀನು, ನೀನೇ ಹಾಕ್ಕೋ ಎಂದು ಪೆನ್ನು ವಾಪಸು ಕೊಟ್ಟು ಮಲಗಿಬಿಟ್ಟೆ. ನಿನ್ನೆ ಡಾಕ್ಟರಮ್ಮ ಹೊಸ ಗೆರೆ ಎಳೆಯಲು ಹೊರಟಾಗ ಪೆನ್ನನ್ನು ನಾನೇ ಕೇಳಿ ಇಸಿದುಕೊಂಡೆ. ಆ ಕಪ್ಪು ಗೆರೆ ನನ್ನದು. ಡೊಂಕಾಗಿದೆ, ಆದರೆ ಅಂಚಿಗೇ ಇದೆ.