ಬಾಕ್ಸಿಂಗ್ ರಿಂಗಿನಲ್ಲಿ ಉಸ್ತೀನ್ಯಾ

ಪೆರ್ಮ್, ಮಂಗಳವಾರ

ಪ್ರೀತಿಯ ಅಮ್ಮಾ,

ನೀನು ತಂಡದೊಂದಿಗೆ ಪ್ರವಾಸ ಹೊರಟ ಮೇಲೆ, ನಿನ್ನ ಬ್ಯಾಲೆ ಶಾಲೆಯ ಕ್ಯಾಲೆಂಡರಿಗೆ ಹೊಸತನವಿರಲಿ ಎಂದು ತಂಗಿಯನ್ನು ಬಾಕ್ಸಿಂಗ್ ರಿಂಗಿನಲ್ಲಿ ನಿಲ್ಲಿಸಿ ಫೋಟೊ ತೆಗೆದೆ. ಅವಳು ತುದಿಗಾಲಲ್ಲಿ ನಿಂತದ್ದು ಕಂಡು ಅಲ್ಲಿನ ತರಬೇತುದಾರ ಮಕಾರ್ ನಕ್ಕ.

"ಏನ್ ಪುಟ್ಟಿ, ಗಾಳಿ ಬೀಸಿದ್ರೆ ಹಾರ್‌ಹೋಗ್ತೀಯಾ?"

"ಗ್ಲೌಸ್ ಕೊಡಿ, ತೋರಿಸ್ತೀನಿ."

ತೂಗುಹಾಕಿದ್ದ ಮರಳಿನ ಚೀಲಕ್ಕೆ ಸುಸ್ತಾಗುವವರೆಗೂ ಗುದ್ದಿ, ನೆಲದ ಮೇಲೆ ಕುಳಿತು ಬಿದ್ದುಬಿದ್ದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ.

ಅಂದಿನಿಂದ ಉಸ್ತೀನ್ಯಾ ಬ್ಯಾಲೆಗೆ ಹೋಗುತ್ತಿಲ್ಲ, ಬಾಕ್ಸಿಂಗಿಗೇ ಹೋಗುತ್ತಾಳೆ. "ಅಮ್ಮಂಗೆ ನೀನೇ ಹೇಳಣ್ಣ, ನಂಗೆ ಭಯ" ಎನ್ನುತ್ತಾಳೆ. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತಿಲ್ಲ.

ಈಗ ಅಡುಗೆಮನೆಯಲ್ಲಿ ಎರಡನೇ ತಟ್ಟೆ ಮಾಂಸದ ಕಡುಬು ತಿನ್ನುತ್ತಿದ್ದಾಳೆ. ನೀನಿದ್ದರೆ, ದಪ್ಪಗಾಗ್ತೀಯ ಎಂದು ತಟ್ಟೆ ಎತ್ತಿಬಿಡುತ್ತಿದ್ದೆ. ನಾನೇನು ಮಾಡಲಿ? ಬೇಗ ಬರೆ.

ನಿನ್ನ ಮಗ,
ಗ್ಲೆಬ್