ನಾವು ಮಾಡುವ ರಕ್ತಕ್ಕೆ ಕಾಯಬೇಡ

ಪುಣೆ,
ಶನಿವಾರ

ಪ್ರೀತಿಯ ಪುಟ್ಟಕ್ಕನಿಗೆ ಕೆಂಚಮ್ಮನ ನಮಸ್ಕಾರ.

ಭಾವ ಫೋನ್ ಮಾಡಿದ್ದರು. "ಗರ್ಭಕೋಶದ ಆಪರೇಷನ್ ಮಾಡಿಸ್ಕ ಅಂದ್ರೆ, ಯಾರ್ದೋ ರಕ್ತ ನಂಗ್ ಬ್ಯಾಡ, ನನ್ ತಂಗಿ ತಯಾರ್ ಮಾಡ್ತಾ ಅವ್ಳೆ, ಅದೇ ಬರ್ಲಿ ಅಂತ ಕುಂತವ್ಳೆ ಕಣಮ್ಮ" ಎಂದರು. ಮೈಯಲ್ಲಿ ರಕ್ತ ಕಡಿಮೆಯಾಗಿ, ಅಂಗಳ ದಾಟುವಷ್ಟರಲ್ಲಿ ನಿನಗೆ ಏದುಸಿರು ಬರುತ್ತದಂತೆ.

ಅಕ್ಕಾ, ನಾವಿಲ್ಲಿ ಪ್ರಯೋಗಾಲಯದಲ್ಲಿ ಮಾಡುತ್ತಿರುವುದು ನಿಜವಾದ ರಕ್ತವಲ್ಲ. ಕೆಂಪು ರಕ್ತಕಣದ ಹಾಗೆ ಬಾಗಿ ಬಳುಕಿ, ಸಣ್ಣ ರಕ್ತನಾಳದೊಳಗೂ ನುಸುಳಿ ಆಕ್ಸಿಜನ್ ಹೊರುವ ಮೆತ್ತನೆಯ ಕಣಗಳು. ಇಷ್ಟು ವರ್ಷ ದುಡಿದರೂ ಇಲಿಗಳ ಮೈಯಲ್ಲಿ ಅವು ಒಂದು ಹಗಲೂ ಉಳಿಯುತ್ತಿಲ್ಲ. ಮನುಷ್ಯರಿಗೆ ಕೊಡುವ ಕಾಲವನ್ನು ನಾನು ನೋಡುತ್ತೇನೋ ಇಲ್ಲವೋ. ನನಗೂ ಸಾಕಾಗಿದೆ.

ಬುಧವಾರ ಬಾಗೂರಿಗೆ ಬರುತ್ತೇನೆ. ಇಬ್ಬರೂ ಚಿತ್ರದುರ್ಗದ ಆಸ್ಪತ್ರೆಗೆ ಹೋಗೋಣ. ಅಲ್ಲಿ ನಾನು ರಕ್ತ ಕೊಡುತ್ತೇನೆ, ಬದಲಿಗೆ ನಿನಗೆ ಹೊಂದುವ ರಕ್ತ ಕೊಡುತ್ತಾರೆ. ಅದು ಯಾರದೆಂದು ಕೇಳಬೇಡ. ಅಲ್ಲಿಯವರೆಗೆ ಕುರಿಯ ಹಿಂದೆ ಹೋಗಬೇಡ, ಕಬ್ಬಿಣದ ಮಾತ್ರೆ ತಪ್ಪಿಸಬೇಡ.

ನೀನು ಹೆಮ್ಮೆಯಿಂದ ಹೇಳಿಕೊಂಡ ತಂಗಿಯ ಕೆಲಸ ಎಲ್ಲಿಗೆ ಬಂತೆಂದು ಊರವರು ಕೇಳಿದರೆ, ಇನ್ನೂ ಆಗಿಲ್ಲ ಎಂದುಬಿಡು. ನನ್ನ ಮಾನ ಉಳಿಸಲು ನೀನು ಹೀಗೆ ಕಾಯುವುದು ಬೇಡ.

ನಿನ್ನ ತಂಗಿ,
ಕೆಂಚಮ್ಮ